ಅನ್ನವುಂಟು, ಪಾಲಿಲ್ಲ

ಯಾಜ್ಞವಲ್ಕ್ಯ ಸ್ಮೃತಿಯ ದಾಯವಿಭಾಗ ಪ್ರಕರಣದಲ್ಲಿ, ಪಿತ್ರಾರ್ಜಿತ ಆಸ್ತಿಯ ಪಾಲಿಗೆ ಅನರ್ಹರಾದವರ ಪಟ್ಟಿಯೊಂದಿದೆ. ಕುರುಡ, ಹೆಳವ, ಹುಚ್ಚ ಮೊದಲಾದವರ ಜೊತೆಗೆ ‘ಅಚಿಕಿತ್ಸ್ಯರೋಗಿ’, ಎಂದರೆ ಚಿಕಿತ್ಸೆಗೆ ಬಗ್ಗದ ರೋಗವುಳ್ಳವನೂ ಅದರಲ್ಲಿ ಸೇರಿದ್ದಾನೆ. ಇಂಥವರಿಗೆ ಪಾಲು ಸಲ್ಲದು. ಆದರೆ ಇವರನ್ನು ಪೋಷಿಸತಕ್ಕದ್ದು ಎಂಬುದು ಸ್ಮೃತಿಕಾರನ ವಿಧಿ. ಈ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ಸುಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ನಾಡಿನಲ್ಲಿಯೇ ಬಾಳಿದವನು. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದಲ್ಲಿದ್ದವನು. ಮುಂದೆ ಬ್ರಿಟಿಷರ ನ್ಯಾಯಾಲಯಗಳು ಮಿತಾಕ್ಷರೆಯನ್ನು ಪ್ರಮಾಣವಾಗಿ ಹಿಡಿದು ಹಿಂದೂ ಕಾನೂನನ್ನು ಅರ್ಥೈಸತೊಡಗಿದಾಗ, ಉಲ್ಬಣಗೊಂಡ ಕುಷ್ಠರೋಗವುಳ್ಳವನಿಗೆ ಕುಟುಂಬದ ಆಸ್ತಿಯಲ್ಲಿ ಪಾಲಿಲ್ಲವೆಂಬುದು ನೆಲೆಗೊಂಡ ನ್ಯಾಯವಾಯಿತು. 1928ರಲ್ಲಿ ಬಂದ ಶಾಸನವೊಂದು ಈ ಅನರ್ಹತೆಯನ್ನು ತೆಗೆದುಹಾಕಿತು.

ವಾಚಕರು ಈ ವಿಧಿಯ ಸ್ವರೂಪವನ್ನು ಸ್ವಲ್ಪ ಸೂಕ್ಷ್ಮವಾಗಿ ಪರಿಶೀಲಿಸಬೇಕೆಂದು ನಮ್ಮ ಅಪೇಕ್ಷೆ. ಇದರಲ್ಲಿ ಕ್ರೌರ್ಯವು ಮೇಲುನೋಟಕ್ಕೆ ಕಾಣುವುದಿಲ್ಲ. ರೋಗಿಯನ್ನು ಉಪವಾಸ ಕೆಡಹಿರೆಂದು ಸ್ಮೃತಿ ಹೇಳುತ್ತಿಲ್ಲ. ಉಣ್ಣಲಿಕ್ಕೆ ಇಕ್ಕಿರೆಂದೇ ಹೇಳುತ್ತದೆ. ಉಣ್ಣುವವನಿಗೆ ಮನೆಯ ವ್ಯವಹಾರದಲ್ಲಿ ಮಾತಿಲ್ಲ, ಭೂಮಿಯಲ್ಲಿ ಹಕ್ಕಿಲ್ಲ ಎಂಬುದಷ್ಟೇ ಅದರ ತಾತ್ಪರ್ಯ. ಅವನಿಗೆ ಅನ್ನವುಂಟು, ಪಾಲಿಲ್ಲ. ಕಾನೂನಿನ ಪುಸ್ತಕದಿಂದ ಆ ವಾಕ್ಯ ಅಳಿದು ತೊಂಬತ್ತು ವರ್ಷಗಳಿಗೂ ಮೀರಿದೆ. ಆದರೆ ಕುಷ್ಠರೋಗದಿಂದ ಬಾಧಿತರಾದವರನ್ನು ಕುರಿತ ನಮ್ಮ ಕಥೆಗಳನ್ನೂ, ಆಡುಮಾತನ್ನೂ, ಇತ್ತೀಚಿನವರೆಗಿನ ಶಾಸನಗಳನ್ನೂ, ಕಡೆಗೆ ನಾವು ಹೆಮ್ಮೆಪಡುವ ಸೇವಾಕಾರ್ಯಗಳನ್ನೂ ಒರೆಗೆ ಹಚ್ಚಿ ನೋಡಿದರೆ ಅದೇ ವಾಕ್ಯ ಬೇರೆ ಬೇರೆ ಅಕ್ಷರಗಳಲ್ಲಿ ಮತ್ತೆ ಮತ್ತೆ ಓದಲು ಸಿಕ್ಕುತ್ತದೆ. ಆ ಓದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಮಾತನ್ನೇ ತೆಗೆದುಕೊಳ್ಳೋಣ. ನಮ್ಮ ವೈದ್ಯಗ್ರಂಥಗಳಲ್ಲಿ ‘ಕುಷ್ಠ’ ಎಂಬುದು ಒಂದು ರೋಗದ ಹೆಸರಲ್ಲ. ಚರ್ಮದ ಅನೇಕ ವ್ಯಾಧಿಗಳ ಸಾಮಾನ್ಯ ನಾಮ. ಚರಕಸಂಹಿತೆಯು ಏಳು ಮಹಾಕುಷ್ಠಗಳನ್ನೂ ಹನ್ನೊಂದು ಕ್ಷುದ್ರಕುಷ್ಠಗಳನ್ನೂ ಎಣಿಸುತ್ತದೆ. ಇಂದು ನಾವು ಹುಳುಕಡ್ಡಿ, ಇಸಬು ಎಂದು ಕರೆಯುವಂಥವೂ ಈ ಹದಿನೆಂಟರಲ್ಲಿ ಸೇರುತ್ತವೆ. ಜನರ ಬಾಯಲ್ಲಿ ಇದು ‘ದೊಡ್ಡರೋಗ’, ‘ಮಹಾರೋಗ’. ಹೆಸರು ಹೇಳಲು ಅಂಜಿದ ನಾಲಗೆ ಹುಟ್ಟಿಸಿಕೊಂಡ ಹೆಸರುಗಳಿವು. ಇನ್ನು ‘ತೊನ್ನು’ ಎಂಬ ಮಾತು ತಂದ ಅನರ್ಥ ಬೇರೆಯದೇ. ತೊನ್ನಿನಲ್ಲಿ ಚರ್ಮವು ಬಣ್ಣವನ್ನು ಕಳೆದುಕೊಳ್ಳುತ್ತದೆಯೇ ಹೊರತು ಅದು ಯಾರಿಗೂ ಅಂಟುವುದಿಲ್ಲ, ಸ್ಪರ್ಶಜ್ಞಾನವನ್ನೂ ಕೆಡಿಸುವುದಿಲ್ಲ. ಆದರೂ ಅದಕ್ಕೆ ‘ಶ್ವೇತಕುಷ್ಠ’ವೆಂದು ಹೆಸರಿಟ್ಟು ತೊನ್ನಿನವರನ್ನೂ ಕುಷ್ಠದವರ ಸಾಲಿನಲ್ಲಿ ನಿಲ್ಲಿಸಿದೆವು, ಎರಡು ಬೇರೆ ದುಃಖಗಳನ್ನು ಒಂದು ಶಬ್ದದಲ್ಲಿ ಕಟ್ಟಿಹಾಕಿದೆವು. ಎಲ್ಲಕ್ಕಿಂತ ಮಿಗಿಲಾದ ತೊಡಕು ‘ಕುಷ್ಠರೋಗಿ’ ಎಂಬ ಪದದಲ್ಲಿಯೇ ಇದೆ. ಮಲೇರಿಯಾ ಬಂದು ವಾಸಿಯಾದವನನ್ನು ಯಾರೂ ಆಯುಷ್ಯವಿಡೀ ಮಲೇರಿಯಾದವನೆಂದು ಕರೆಯುವುದಿಲ್ಲ. ಕುಷ್ಠ ವಾಸಿಯಾದವನು ಮಾತ್ರ ಸಾಯುವತನಕ ಕುಷ್ಠರೋಗಿ.

ರೋಗದ ನಿಜಸ್ವರೂಪವನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವುದು ಅವಶ್ಯ. ನಾರ್ವೆ ದೇಶದ ಬರ್ಗೆನ್ ನಗರದಲ್ಲಿ 1873ರಲ್ಲಿ ವೈದ್ಯ ಹಾನ್ಸೆನ್ ಈ ರೋಗದ ಸೂಕ್ಷ್ಮಾಣುವನ್ನು ಕಂಡುಹಿಡಿದನು. ಅಂದಿನಿಂದ ಇದು ಪಾಪದ ಫಲವೆಂಬ ಮಾತಿಗೂ ವಂಶಪಾರಂಪರ್ಯವೆಂಬ ಮಾತಿಗೂ ವಿಜ್ಞಾನದಲ್ಲಿ ಎಡೆಯಿಲ್ಲದಂತಾಯಿತು. ಚಿಕಿತ್ಸೆ ಪಡೆಯದ ರೋಗಿಯೊಡನೆ ಬಹುಕಾಲ ನಿಕಟವಾಗಿ ಬಾಳಿದವರಿಗೆ ಉಸಿರಿನ ಮಾರ್ಗವಾಗಿ ಇದು ಹರಡುತ್ತದೆ. ಆದರೆ ನೂರಕ್ಕೆ 95ರಷ್ಟು ಜನರಲ್ಲಿ ಇದನ್ನು ತಡೆಯುವ ಶಕ್ತಿ ಸಹಜವಾಗಿಯೇ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 1981ರಲ್ಲಿ ಸೂಚಿಸಿದ ಬಹುಔಷಧ ಚಿಕಿತ್ಸೆಯಿಂದ ಆರು ಇಲ್ಲವೆ ಹನ್ನೆರಡು ತಿಂಗಳಲ್ಲಿ ರೋಗ ಪೂರ್ಣವಾಗಿ ವಾಸಿಯಾಗುತ್ತದೆ; ಔಷಧ ಆರಂಭವಾದ ಅಲ್ಪಕಾಲದಲ್ಲಿಯೇ ಸೋಂಕು ಹರಡುವುದು ನಿಲ್ಲುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಔಷಧಕ್ಕೆ ಬೆಲೆಯಿಲ್ಲ. ಹಾಗಾದರೆ ಬೆರಳುಗಳು ಮಡಿಚಿಕೊಳ್ಳುವುದೇಕೆ, ಅಂಗ ಸವೆಯುವುದೇಕೆ? ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ 1946ರಲ್ಲಿ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಇದಕ್ಕೆ ಉತ್ತರ ಕಂಡುಕೊಂಡರು. ಸೂಕ್ಷ್ಮಾಣುವು ನರಗಳನ್ನು ಕೆಡಿಸುತ್ತದೆ. ನರ ಕೆಟ್ಟ ಕೈಕಾಲಿಗೆ ನೋವು ತಿಳಿಯದು. ಬಿಸಿ ಪಾತ್ರೆ ಸುಟ್ಟದ್ದು, ಮುಳ್ಳು ನಟ್ಟದ್ದು ಅರಿವಿಗೆ ಬಾರದೆ ಗಾಯ ಹುಣ್ಣಾಗುತ್ತದೆ, ಹುಣ್ಣು ಎಲುಬನ್ನು ತಿನ್ನುತ್ತದೆ. ಆದುದರಿಂದ ಸೂಕ್ಷ್ಮಾಣು ಸತ್ತ ಮೇಲೂ ಅದು ಮಾಡಿಹೋದ ಹಾನಿ ಉಳಿದಿರಬಹುದು. ವಾಸಿಯಾದವನ ಕೈ ಸೊಟ್ಟಗಿರಬಹುದು. ಈ ಒಂದು ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ನಮ್ಮ ವಿಮರ್ಶೆಯೆಲ್ಲ ಇದರ ಮೇಲೆ ನಿಂತಿದೆ.

ಈಗ ಕಥೆಗಳಿಗೆ ಬರೋಣ. ಪ್ರತಿಯೊಂದು ಕಥೆಗೂ ನಾವು ಕೇಳಬೇಕಾದ ಪ್ರಶ್ನೆ ಇಷ್ಟೇ: ಕಥೆ ಮುಗಿದಾಗ ರೋಗಿ ಎಲ್ಲಿದ್ದಾನೆ?

ಪುರಾಣಪ್ರಸಿದ್ಧವಾದ ಸಾಂಬನ ಕಥೆಯನ್ನು ನೋಡಿರಿ. ಶ್ರೀಕೃಷ್ಣನಿಗೂ ಜಾಂಬವತಿಗೂ ಮಗನಾದ ಸಾಂಬನು ತನ್ನ ರೂಪದ ಕಾರಣದಿಂದ ತಂದೆಯ ಶಾಪಕ್ಕೆ ಗುರಿಯಾಗಿ ಕುಷ್ಠವನ್ನು ಹೊಂದುತ್ತಾನೆ. ಚಂದ್ರಭಾಗಾ ನದಿಯ ತೀರದಲ್ಲಿ ಸೂರ್ಯನನ್ನು ಆರಾಧಿಸಿ ಮೊದಲಿನ ರೂಪವನ್ನು ಪಡೆಯುತ್ತಾನೆ. ಕೃತಜ್ಞತೆಯಿಂದ ಸೂರ್ಯಾಲಯವನ್ನು ಕಟ್ಟಿಸುತ್ತಾನೆ. ಸಂಸ್ಕೃತ ಕವಿ ಮಯೂರನ ವಿಷಯದಲ್ಲಿಯೂ ಇಂಥದೇ ಐತಿಹ್ಯವಿದೆ. ಹರ್ಷವರ್ಧನನ ಆಸ್ಥಾನದಲ್ಲಿದ್ದ ಆತನು ಅನುಚಿತವಾದ ಶೃಂಗಾರವರ್ಣನೆಯಿಂದ ಶಾಪಗ್ರಸ್ತನಾಗಿ ಕುಷ್ಠವನ್ನು ಪಡೆದನೆಂದೂ ‘ಸೂರ್ಯಶತಕ’ವನ್ನು ರಚಿಸಿ ಗುಣಹೊಂದಿದನೆಂದೂ ಹೇಳುತ್ತಾರೆ. ಎರಡು ಕಥೆಗಳಲ್ಲಿಯೂ ರೋಗವು ದೋಷದಿಂದ ಬಂತು, ಅನುಗ್ರಹದಿಂದ ಹೋಯಿತು. ಹೋದದ್ದು ಹೇಗೆ? ಕಲೆಯೂ ಉಳಿಯದಂತೆ ಹೋಯಿತು. ಕಥೆಯ ಕೊನೆಯಲ್ಲಿ ಸಾಂಬನು ಅರಮನೆಯಲ್ಲಿದ್ದಾನೆ, ಮಯೂರನು ಆಸ್ಥಾನದಲ್ಲಿದ್ದಾನೆ. ಆದರೆ ಅವರ ಮೈಮೇಲೆ ರೋಗದ ಒಂದು ಗುರುತೂ ಇಲ್ಲ. ಗುರುತು ಅಳಿದ ಮೇಲೆಯೇ ಅವರಿಗೆ ಮನೆಯ ಬಾಗಿಲು ತೆರೆಯಿತು.

ಆಧುನಿಕ ರಂಗಭೂಮಿ ಈ ವಿಷಯದಲ್ಲಿ ಪುರಾಣಕ್ಕಿಂತ ಮುಂದೆ ಹೋಗಲಿಲ್ಲ. ಒಂದರ್ಥದಲ್ಲಿ ಹಿಂದೆಯೇ ಸರಿಯಿತು. ತಮಿಳುನಾಡಿನಲ್ಲಿ ಎಂ. ಆರ್. ರಾಧಾ ಅವರ ಅಭಿನಯದಿಂದ ಅಸಂಖ್ಯ ಪ್ರದರ್ಶನಗಳನ್ನು ಕಂಡ ‘ರತ್ತ ಕಣ್ಣೀರ್’ ನಾಟಕವು 1954ರಲ್ಲಿ ಚಲನಚಿತ್ರವಾಯಿತು. ಅದರ ಎಳೆಯನ್ನು ಹಿಡಿದು 2003ರಲ್ಲಿ ಕನ್ನಡದಲ್ಲಿಯೂ ‘ರಕ್ತ ಕಣ್ಣೀರು’ ಎಂಬ ಚಿತ್ರ ಬಂದಿತು. ತಮಿಳು ಕೃತಿಯ ನಾಯಕನು ಪರದೇಶದಿಂದ ಮರಳಿ ಬಂದು, ತಾಯಿಯನ್ನೂ ಹೆಂಡತಿಯನ್ನೂ ಕಡೆಗಣಿಸಿ, ವೇಶ್ಯೆಯ ಸಹವಾಸದಲ್ಲಿ ಹಾಳಾಗಿ, ಕುಷ್ಠದಿಂದ ಬೀದಿಪಾಲಾಗುತ್ತಾನೆ. ನಟನ ಪ್ರತಿಭೆ ದೊಡ್ಡದು. ಸಮಾಜದ ಡಾಂಭಿಕತೆಯನ್ನು ಆತ ಚುಚ್ಚಿದ ರೀತಿಯೂ ಮೆಚ್ಚತಕ್ಕದ್ದೇ. ಆದರೆ ದುರ್ನಡತೆಗೂ ಕುಷ್ಠಕ್ಕೂ ಕಾರ್ಯಕಾರಣ ಸಂಬಂಧವನ್ನು ಕಲ್ಪಿಸಿ ಅದನ್ನು ಲಕ್ಷಾಂತರ ಪ್ರೇಕ್ಷಕರ ಮನಸ್ಸಿನಲ್ಲಿ ಬಿತ್ತಿದ ಹೊಣೆಯಿಂದ ಆ ಕೃತಿ ತಪ್ಪಿಸಿಕೊಳ್ಳಲಾರದು. ಕುಷ್ಠವು ವೇಶ್ಯಾಸಂಗದಿಂದ ಬರುವ ರೋಗವಲ್ಲ. ಸಲ್ಫೋನ್ ಔಷಧಗಳು 1940ರ ದಶಕದಲ್ಲಿಯೇ ಬಳಕೆಗೆ ಬಂದು ರೋಗ ಗುಣವಾಗತೊಡಗಿದ್ದ ಕಾಲದಲ್ಲಿ, ತೆರೆಯ ಮೇಲೆ ಅದು ದೈವದ ದಂಡನೆಯಾಗಿಯೇ ಉಳಿಯಿತು.

ಹೀಗೆ ನಮ್ಮ ಕಥೆಗಳಲ್ಲಿ ರೋಗಿಗೆ ಎರಡೇ ಗತಿ. ಒಂದೋ ಅವನು ಪವಾಡದಿಂದ ನಿಷ್ಕಳಂಕನಾಗಬೇಕು, ಇಲ್ಲವೇ ಶಿಕ್ಷೆಯನ್ನು ಅನುಭವಿಸಿ ಅಳಿಯಬೇಕು. ಔಷಧದಿಂದ ಗುಣವಾಗಿ, ಮಡಿಚಿದ ಬೆರಳಿನೊಂದಿಗೆ ಊರಿಗೆ ಮರಳಿ, ಮಗಳ ಮದುವೆಯ ಮಾತುಕತೆಗೆ ಕುಳಿತ ಒಬ್ಬ ಸಾಮಾನ್ಯ ಗೃಹಸ್ಥನ ಕಥೆಯನ್ನು ನಮ್ಮ ಪರಂಪರೆ ನಮಗೆ ಹೇಳಿಕೊಡಲಿಲ್ಲ. ಆದರೆ ನಮ್ಮ ನಡುವೆ ನಿಜವಾಗಿ ಇರುವವನು ಅವನೇ. ಭಾರತವು 2005ರ ಡಿಸೆಂಬರಿನಲ್ಲಿ, ಹತ್ತು ಸಾವಿರ ಜನರಿಗೆ ಒಬ್ಬ ರೋಗಿಗಿಂತ ಕಡಿಮೆ ಎಂಬ ಅಳತೆಯಂತೆ, ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಕುಷ್ಠವನ್ನು ನಿವಾರಿಸಿದ್ದಾಗಿ ಸಾರಿತು. ಅನಂತರವೂ ವರ್ಷಕ್ಕೆ ಒಂದು ಲಕ್ಷದ ಆಸುಪಾಸಿನಲ್ಲಿ ಹೊಸ ರೋಗಿಗಳು ಪತ್ತೆಯಾಗುತ್ತಲೇ ಬಂದಿದ್ದಾರೆ. ಜಗತ್ತಿನ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ನಮ್ಮ ದೇಶದವರು. ಇವರೆಲ್ಲರೂ ಗುಣವಾಗುತ್ತಾರೆ. ಗುಣವಾದವನನ್ನು ಗುಣವಾದವನೆಂದು ಗುರುತಿಸುವ ಕಣ್ಣು ಮಾತ್ರ ನಮಗಿಲ್ಲ. ಕಲೆಯಿಲ್ಲದ ಸಾಂಬನನ್ನಷ್ಟೇ ಕಂಡ ಕಣ್ಣಿಗೆ ಕಲೆಯುಳ್ಳ ಕೈ ಇಂದಿಗೂ ರೋಗವಾಗಿಯೇ ಕಾಣುತ್ತದೆ.

ಇದು ಬರಿಯ ಸಾಹಿತ್ಯಚರ್ಚೆಯೆಂದು ಯಾರೂ ತಿಳಿಯಬಾರದು. ಕಥೆಯು ರೋಗವನ್ನು ಬೆಳೆಸುತ್ತದೆ. ಬೆನ್ನಿನ ಮೇಲೆ ಸ್ಪರ್ಶವಿಲ್ಲದ ಒಂದು ಮಚ್ಚೆ ಕಾಣಿಸಿಕೊಂಡ ಹೆಣ್ಣುಮಗಳು, ಇದು ತಿಳಿದರೆ ತನ್ನನ್ನು ತವರಿಗೆ ಅಟ್ಟಿಯಾರೆಂದು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾಳೆ. ಎರಡು ವರ್ಷ ಮುಚ್ಚಿಟ್ಟದ್ದರಲ್ಲಿ ನರ ಕೆಡುತ್ತದೆ, ಬೆರಳು ಬಾಗುತ್ತದೆ. ಬಾಗಿದ ಬೆರಳನ್ನು ಕಂಡವರು ಕರ್ಮದ ಫಲವೆನ್ನುತ್ತಾರೆ. ಮೊದಲ ತಿಂಗಳಲ್ಲಿ ಔಷಧ ಸಿಕ್ಕಿದ್ದರೆ ಆ ಬೆರಳು ಬಾಗುತ್ತಲೇ ಇರಲಿಲ್ಲ. ಭಯವು ಅಂಗವೈಕಲ್ಯವನ್ನು ಉಂಟುಮಾಡಿತು, ಅಂಗವೈಕಲ್ಯವು ಭಯವನ್ನು ಸಮರ್ಥಿಸಿತು. ಈ ಚಕ್ರವನ್ನು ಮಾತ್ರೆಯೊಂದರಿಂದಲೇ ಮುರಿಯಲಾಗದು. ನಮ್ಮ ಮನೆಯಲ್ಲಿ, ಮಠದಲ್ಲಿ, ಪ್ರವಚನದಲ್ಲಿ ಆಡುವ ಮಾತನ್ನೂ ತಿದ್ದಬೇಕಾಗುತ್ತದೆ.

ಸೇವೆಯ ಸಾಹಿತ್ಯವನ್ನು ಕುರಿತೂ ಎರಡು ಮಾತು ಹೇಳಬೇಕು. ಹವಾಯಿ ದ್ವೀಪಗಳಲ್ಲಿ 1866ರಿಂದ ಕುಷ್ಠವುಳ್ಳವರನ್ನು ಮೊಲೊಕಾಯ್ ದ್ವೀಪದ ಕಲೌಪಾಪಾ ಎಂಬ ಭೂಶಿರಕ್ಕೆ ಗಡೀಪಾರು ಮಾಡುತ್ತಿದ್ದರು. ಆ ನಿರ್ಬಂಧ ತೊಲಗಿದ್ದು 1969ರಲ್ಲಿ. ಅಷ್ಟರೊಳಗೆ ಸುಮಾರು ಎಂಟು ಸಾವಿರ ಜನ ಅಲ್ಲಿಗೆ ಹೋಗಿದ್ದರು. ಅಲ್ಲಿ 1873ರಿಂದ ಸೇವೆ ಸಲ್ಲಿಸಿ, ತಾವೂ ಅದೇ ರೋಗವನ್ನು ಪಡೆದು 1889ರಲ್ಲಿ ದೇಹವಿಟ್ಟ ಫಾದರ್ ಡೇಮಿಯನ್ನರ ತ್ಯಾಗವನ್ನು ಜಗತ್ತೆಲ್ಲ ಹಾಡಿದೆ, ಹಾಡಿದ್ದು ಉಚಿತವೇ. ಆದರೆ ಡೇಮಿಯನ್ನರು ಬರುವುದಕ್ಕೆ ಏಳು ವರ್ಷ ಮುಂಚೆಯೇ, 1866ರಲ್ಲಿ, ಗಡೀಪಾರಾದ ಮೂವತ್ತೈದು ಮಂದಿ ತಾವೇ ಸೇರಿ ಅಲ್ಲಿ ಸಿಲೋಮಾ ಎಂಬ ಪ್ರಾರ್ಥನಾಸಭೆಯನ್ನು ಸ್ಥಾಪಿಸಿಕೊಂಡಿದ್ದರೆಂಬ ಸಂಗತಿಯನ್ನು ಎಷ್ಟು ಜೀವನಚರಿತ್ರೆಗಳು ಹೇಳುತ್ತವೆ? ನಮ್ಮ ದೇಶದಲ್ಲಿಯೂ ಹೀಗೆಯೇ. ಸೇವಾಗ್ರಾಮದಲ್ಲಿ ಮಹಾತ್ಮಾ ಗಾಂಧಿಯವರು ಪರಚುರೆ ಶಾಸ್ತ್ರಿಗಳ ಶುಶ್ರೂಷೆ ಮಾಡುತ್ತಿರುವ ಚಿತ್ರವನ್ನು ಎಲ್ಲರೂ ಬಲ್ಲರು. ಚಿತ್ರದಲ್ಲಿ ಸೇವೆ ಮಾಡುವವರು ಕಾಣುತ್ತಾರೆ. ಸೇವೆ ಪಡೆಯುತ್ತಿರುವವರು ಸಂಸ್ಕೃತದ ಒಳ್ಳೆಯ ವಿದ್ವಾಂಸರೆಂಬುದು ಕಾಣುವುದಿಲ್ಲ. ಸೇವೆಯ ಸಾಹಿತ್ಯವು ರೋಗಿಗೆ ಕಥೆಯಲ್ಲಿ ಅನ್ನವನ್ನಿಕ್ಕುತ್ತದೆ. ಕಥೆಯಲ್ಲಿ ಪಾಲನ್ನು ಕೊಡುವುದಿಲ್ಲ.

ಬಾಧಿತರು ತಾವೇ ಲೇಖನಿ ಹಿಡಿದಾಗ ಏನಾಯಿತೆಂಬುದನ್ನೂ ನೋಡಬೇಕು. ಜಪಾನಿನ ಹೋಜೋ ತಮಿಯೊ ಎಂಬ ತರುಣ ಲೇಖಕನು ಟೋಕಿಯೋ ಬಳಿಯ ಕುಷ್ಠಧಾಮದಲ್ಲಿದ್ದುಕೊಂಡು, ಮುಂದೆ ನೊಬೆಲ್ ಪ್ರಶಸ್ತಿ ಪಡೆದ ಕವಾಬಾತಾ ಅವರ ಪ್ರೋತ್ಸಾಹದಿಂದ 1936ರಲ್ಲಿ ತನ್ನ ಪ್ರಸಿದ್ಧ ಕಥೆಯನ್ನು ಪ್ರಕಟಿಸಿದನು. ಮರುವರ್ಷವೇ, ಇಪ್ಪತ್ಮೂರರ ವಯಸ್ಸಿನಲ್ಲಿ, ತೀರಿಕೊಂಡನು. ಅದು ಅವನ ಕಾವ್ಯನಾಮ. ಅವನ ನಿಜನಾಮವನ್ನು ಬಂಧುಗಳ ಒಪ್ಪಿಗೆಯಿಂದ ಬಹಿರಂಗಪಡಿಸಿದ್ದು 2014ರಲ್ಲಿ, ಅವನು ಹುಟ್ಟಿ ನೂರು ವರ್ಷಗಳಾದ ಮೇಲೆ! ಕೀರ್ತಿವಂತನಾದ ಲೇಖಕನಿಗೆ ತನ್ನ ಮನೆತನದ ಹೆಸರಿನಲ್ಲಿಯೂ ಪಾಲು ಸಿಕ್ಕಲು ಒಂದು ಶತಮಾನ ಹಿಡಿಯಿತು. ಅಮೆರಿಕದ ಲೂಯಿಸಿಯಾನಾ ಪ್ರಾಂತದ ಕಾರ್ವಿಲ್ ಆಸ್ಪತ್ರೆಯಲ್ಲಿ ಸ್ಟ್ಯಾನ್ಲಿ ಸ್ಟೈನ್ ಎಂಬ ರೋಗಿಯು, ಕಣ್ಣು ಕಳೆದುಕೊಂಡ ಮೇಲೆಯೂ, ‘ದಿ ಸ್ಟಾರ್’ ಎಂಬ ಪತ್ರಿಕೆಯನ್ನು ನಡೆಸಿ ರೋಗಿಗಳನ್ನು ಹೀನವಾದ ಹೆಸರಿನಿಂದ ಕರೆಯುವುದರ ವಿರುದ್ಧ ಹೋರಾಡಿದನು. ಅಲ್ಲಿನವರಿಗೆ ಮತದಾನದ ಹಕ್ಕು ಮರಳಿ ದೊರೆತದ್ದು 1946ರಲ್ಲಿ. ನಮ್ಮವರೇ ಆದ ಟಿ. ಎನ್. ಜಗದೀಶನ್ ಅವರು ಬಾಲ್ಯದಲ್ಲಿಯೇ ಈ ರೋಗಕ್ಕೆ ತುತ್ತಾದವರು. ಅವರು ಇದನ್ನು ಮುಚ್ಚಿಡದೆ ಕುಷ್ಠನಿವಾರಣ ಕಾರ್ಯಕ್ಕೆ ಬಾಳನ್ನು ಮುಡಿಪಾಗಿಟ್ಟು, ತಮ್ಮ ಆತ್ಮಕಥೆಗೆ ಕುಷ್ಠದ ಮೂಲಕವೇ ಬಾಳು ಸಾರ್ಥಕವಾಯಿತೆಂಬ ಅರ್ಥದ ಶೀರ್ಷಿಕೆಯನ್ನಿಟ್ಟರು. ಈ ಮೂವರೂ ಕೇಳಿದ್ದು ಕನಿಕರವನ್ನಲ್ಲ. ಹೆಸರು, ಮತ, ಕೆಲಸ: ಇವುಗಳಲ್ಲಿ ತಮ್ಮ ಪಾಲನ್ನು ಕೇಳಿದರು.

ಶಾಸನಗಳ ಕಡೆಗೆ ತಿರುಗಿದರೆ ಅಲ್ಲಿಯೂ ಇದೇ ಕಥೆ ಕಾಣುತ್ತದೆ. 1898ರ ಕುಷ್ಠರೋಗಿಗಳ ಶಾಸನವು ನಿರ್ಗತಿಕನಾದ ರೋಗಿಯನ್ನು ಪೊಲೀಸರು ಹಿಡಿದು ಆಶ್ರಯಧಾಮದಲ್ಲಿ ಕೂಡಿಹಾಕಲು ಅವಕಾಶ ಕೊಟ್ಟಿತು; ಸಾರ್ವಜನಿಕ ಬಾವಿ ಕೆರೆಗಳ ನೀರು ಮುಟ್ಟುವುದನ್ನೂ ಆಹಾರ ತಯಾರಿಸಿ ಮಾರುವುದನ್ನೂ ನಿಷೇಧಿಸಲು ದಾರಿ ಮಾಡಿತು. ಇಲ್ಲಿಯೂ ಕಾನೂನು ಅನ್ನವನ್ನು ಕೊಟ್ಟಿತು, ಬಾವಿಯನ್ನು ಕಸಿದುಕೊಂಡಿತು. ಸ್ವತಂತ್ರ ಭಾರತವು ಈ ಶಾಸನವನ್ನು ಸಂಪೂರ್ಣವಾಗಿ ರದ್ದುಮಾಡಲು 2016ರವರೆಗೆ ಕಾಯಿತು. ಪುರಸಭೆಯ ಸ್ಥಾನಕ್ಕೆ ಕುಷ್ಠರೋಗಿಯನ್ನು ಅನರ್ಹಗೊಳಿಸುವ ಒರಿಸ್ಸಾದ ಕಾನೂನನ್ನು ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ಎತ್ತಿಹಿಡಿಯಿತು. ಶಾಸಕಾಂಗವು ಮರುಪರಿಶೀಲಿಸಲೆಂದು ಆಶಿಸಿತಾದರೂ ತೀರ್ಪು ಬಾಧಿತನಿಗೆ ವಿರುದ್ಧವಾಗಿಯೇ ಬಂತು. ವಿಶ್ವಸಂಸ್ಥೆಯ ಮಹಾಸಭೆಯು 2010ರಲ್ಲಿ ಈ ಭೇದಭಾವವನ್ನು ತೊಡೆಯುವ ನಿರ್ಣಯವನ್ನು ಅಂಗೀಕರಿಸಿತು. ನಮ್ಮ ಕಾನೂನು ಆಯೋಗವು 2015ರಲ್ಲಿ ತನ್ನ 256ನೆಯ ವರದಿಯಲ್ಲಿ ತಿದ್ದುಪಡಿಗಳನ್ನು ಸೂಚಿಸಿತು. 2019ರಲ್ಲಿ ಸಂಸತ್ತು ಐದು ವೈಯಕ್ತಿಕ ಕಾನೂನುಗಳನ್ನು ತಿದ್ದಿ, ಕುಷ್ಠವು ವಿವಾಹವಿಚ್ಛೇದನಕ್ಕೆ ಕಾರಣವಾಗದಂತೆ ಮಾಡಿತು. ರೋಗ ವಾಸಿಮಾಡುವ ಬಹುಔಷಧ ಚಿಕಿತ್ಸೆ ಬಂದು ಮೂವತ್ತೆಂಟು ವರ್ಷಗಳಾಗಿದ್ದವು. ಅಷ್ಟು ಕಾಲ ಹೆಂಡತಿಯನ್ನೋ ಗಂಡನನ್ನೋ ಬಿಡಲು, ಗುಣವಾಗುವ ರೋಗವೊಂದನ್ನು ನೆಪ ಮಾಡಿಕೊಳ್ಳಲು ಕಾನೂನಿನಲ್ಲಿಯೇ ಎಡೆಯಿತ್ತು.

ಇನ್ನು ನಮ್ಮ ದೇಶದ ಸೇವಾಸಂಸ್ಥೆಗಳು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1890ರಲ್ಲಿ ಕುಷ್ಠಧಾಮವನ್ನು ತೆರೆದರು. ವರ್ಧಾ ಬಳಿಯ ದತ್ತಪುರದಲ್ಲಿ ಮನೋಹರ ದಿವಾಣರು 1936ರಲ್ಲಿ ಕಾರ್ಯ ಆರಂಭಿಸಿದರು. ವರೋರಾದ ಆನಂದವನವನ್ನು ಬಾಬಾ ಆಮ್ಟೆಯವರು 1949ರಿಂದ ಕಟ್ಟಿದರು. ಭಿಕ್ಷೆ ಮನುಷ್ಯನನ್ನು ಕೆಡಿಸುತ್ತದೆ, ದುಡಿಮೆ ಅವನನ್ನು ನಿಲ್ಲಿಸುತ್ತದೆ ಎಂಬುದು ಅವರ ನಂಬಿಕೆ. ಕುಷ್ಠಬಾಧಿತರು ತಮ್ಮ ಕೈಯಾರೆ ಕಟ್ಟಿದ ಕಾಲೇಜು ಅಲ್ಲಿ 1964ರಲ್ಲಿ ಆರಂಭವಾಗಿ, ಸುತ್ತಲಿನ ಹಳ್ಳಿಗಳ ಆರೋಗ್ಯವಂತರ ಮಕ್ಕಳು ಅಲ್ಲಿಗೆ ಕಲಿಯಲು ಬಂದರು. ಊರು ಹೊರಗೆ ಹಾಕಿದವರು ಊರಿಗೆ ವಿದ್ಯೆಯನ್ನು ದಾನ ಮಾಡಿದರು, ಉಣ್ಣುವವರು ಉಣಿಸುವವರಾದರು. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ 1970ರ ದಶಕದ ಕೊನೆಯಲ್ಲಿ ಆರಂಭವಾದ ಸುಮನಹಳ್ಳಿಯ ಹೆಸರು ಇಂದು ಒಂದು ಬಸ್ ನಿಲ್ದಾಣಕ್ಕೂ ಮೇಲ್ಸೇತುವೆಗೂ ಹತ್ತಿ, ದಿನವೂ ಸಾವಿರಾರು ಜನರ ಬಾಯಲ್ಲಿ ಯಾವ ಅಳುಕೂ ಇಲ್ಲದೆ ಬರುತ್ತದೆ. ಹೆಸರೊಂದು ಹೀಗೆ ಊರಿನೊಳಗೆ ಬೆರೆಯುವುದೂ ಸಣ್ಣ ಗೆಲವಲ್ಲ.

ಇವರೆಲ್ಲರಿಗೂ ನಮ್ಮ ಪ್ರಣಾಮಗಳು ಸಲ್ಲಬೇಕು. ಆದರೂ ಪ್ರಶ್ನೆ ಉಳಿಯುತ್ತದೆ. ಆನಂದವನವು ಅಷ್ಟು ಸುಂದರವಾಗಿ ಬೆಳೆಯಬೇಕಾದದ್ದು ಏಕೆ? ಅಲ್ಲಿಗೆ ಬಂದವರನ್ನು ಅವರವರ ಊರು ಇರಗೊಡಲಿಲ್ಲವೆಂದು. ದೇಶದಲ್ಲಿ ನೂರಾರು ಕುಷ್ಠ ಕಾಲೊನಿಗಳು ಇಂದಿಗೂ ಇವೆ; ಅಲ್ಲಿರುವ ಬಹುಮಂದಿ ರೋಗದಿಂದ ಎಂದೋ ಮುಕ್ತರಾದವರು. ಅವರ ಮಕ್ಕಳಿಗೂ ಮೊಮ್ಮಕ್ಕಳಿಗೂ ರೋಗ ತಗಲಿಯೇ ಇಲ್ಲ. ವಿಳಾಸ ಮಾತ್ರ ತಗಲಿಕೊಂಡಿದೆ. ನಾವು ಹಬ್ಬಹರಿದಿನಗಳಲ್ಲಿ ಅಲ್ಲಿಗೆ ಹೋಗಿ ಹಣ್ಣು, ಕಂಬಳಿ ಹಂಚಿ, ಭಾವಚಿತ್ರ ತೆಗೆಸಿಕೊಂಡು ಬರುತ್ತೇವೆ. ಕಂಬಳಿ ಕೊಟ್ಟವರಲ್ಲಿ ಎಷ್ಟು ಜನ ಅಲ್ಲಿಯ ಹುಡುಗನನ್ನು ತಮ್ಮ ಅಂಗಡಿಯ ಕೆಲಸಕ್ಕೆ ತೆಗೆದುಕೊಂಡಿದ್ದಾರೆ? ಎಷ್ಟು ಜನ ಅಲ್ಲಿಯ ಹೆಣ್ಣನ್ನು ಸೊಸೆಯಾಗಿ ತಂದಿದ್ದಾರೆ? ಜಾತ್ರೆಗಳಲ್ಲಿ ನಾವು ಕಂಡದ್ದೂ ಇದನ್ನೇ: ದಾಸೋಹದ ಅನ್ನವು ಬಾ ಎನ್ನುವವರಿಲ್ಲದೆ ಹೊರಬಾಗಿಲಿನ ಆಚೆಗೆ ಹೋಗುತ್ತದೆ, ಉಣ್ಣುವವರು ಒಳಗೆ ಬರುವುದಿಲ್ಲ.

ದಯೆಯನ್ನು ಇಷ್ಟು ಕಟುವಾಗಿ ವಿಮರ್ಶಿಸುವುದು ಸರಿಯೇ ಎಂದು ಯಾರಾದರೂ ಕೇಳಬಹುದು. ದಯೆಯನ್ನು ನಾವು ಹಳಿಯುತ್ತಿಲ್ಲ. ಅದು ಅರ್ಧದಾರಿಯಲ್ಲಿ ನಿಂತಿತೆಂದು ಹೇಳುತ್ತಿದ್ದೇವೆ. ವಿಜ್ಞಾನೇಶ್ವರನಿದ್ದ ಅದೇ ಕಲ್ಯಾಣದಲ್ಲಿ ಮುಂದಿನ ತಲೆಮಾರುಗಳಲ್ಲಿ ಬಸವಾದಿ ಶರಣರು ಕಾಯಕ ಮತ್ತು ದಾಸೋಹಗಳನ್ನು ಬೇರ್ಪಡಿಸಲಾಗದ ಜೋಡಿಯನ್ನಾಗಿ ಬೋಧಿಸಿದರೆಂಬುದು ವಾಚಕರಿಗೆ ತಿಳಿದೇ ಇದೆ. ದಾಸೋಹವೆಂದರೆ ಉಳ್ಳವನು ಇಲ್ಲದವನಿಗೆ ಹಾಕುವ ಅನ್ನವೆಂದು ಅರ್ಥ ಮಾಡಿದರೆ ಜೋಡಿಯ ಒಂದು ಎತ್ತನ್ನು ಬಿಚ್ಚಿದಂತಾಗುತ್ತದೆ. ತನ್ನ ಕಾಯಕದಿಂದ ತಾನೂ ಸಮಾಜಕ್ಕೆ ಸಲ್ಲಿಸುವ ಅವಕಾಶ ಎಲ್ಲರಿಗೂ ಇರಬೇಕು. ಆ ಅವಕಾಶವಿಲ್ಲದವನಿಗೆ ಅನ್ನವಿಕ್ಕಿ ಕಳಿಸುವುದು ಅರ್ಧ ದಾಸೋಹ.

ವಿಜ್ಞಾನೇಶ್ವರನಿಗೂ ನಾವು ಅನ್ಯಾಯ ಮಾಡಬಾರದು. ಅದೇ ಪ್ರಕರಣದಲ್ಲಿ ಆತ ಬರೆದ, ಜನರು ಅಷ್ಟಾಗಿ ನೆನೆಯದ ಮಾತೊಂದಿದೆ. ಪಾಲು ಹಂಚಿಹೋದ ಮೇಲೆಯೂ, ಔಷಧಾದಿಗಳಿಂದ ದೋಷವು ನಿವಾರಣೆಯಾದರೆ ಅಂಥವನಿಗೆ ಪಾಲು ಸಲ್ಲುತ್ತದೆ ಎಂಬುದು ಅದರ ಅಭಿಪ್ರಾಯ. ಅವನ ಕಾಲದಲ್ಲಿ ಕುಷ್ಠಕ್ಕೆ ಅಂಥ ಔಷಧವಿರಲಿಲ್ಲ. ಸುಶ್ರುತನು ಪಶ್ಚಿಮ ಸಮುದ್ರತೀರದ ತುವರಕ ವೃಕ್ಷದ ಎಣ್ಣೆಯನ್ನು ಹೇಳಿದ್ದನು. ನಮ್ಮ ಘಟ್ಟಗಳ ಗರುಡಫಲವು ಆ ಜಾತಿಯದೇ. ಅದು ಸ್ವಲ್ಪ ಉಪಶಮನ ಕೊಡುತ್ತಿತ್ತೇ ಹೊರತು ರೋಗವನ್ನು ನಿರ್ಮೂಲ ಮಾಡುತ್ತಿರಲಿಲ್ಲ. ಈಗ ಔಷಧವಿದೆ, ‘ಅಚಿಕಿತ್ಸ್ಯ’ ಎಂಬ ವಿಶೇಷಣವೇ ಬಿದ್ದುಹೋಗಿದೆ. ಹಾಗಾದರೆ ಒಂಬೈನೂರು ವರ್ಷಗಳ ಹಿಂದಿನ ಧರ್ಮಶಾಸ್ತ್ರದ ಪ್ರಕಾರವೇ, ಗುಣಹೊಂದಿದವನಿಗೆ ಅವನ ಪಾಲು ಸಲ್ಲಬೇಕು. ಸಂಪ್ರದಾಯದ ಹೆಸರಿನಲ್ಲಿ ಅವನನ್ನು ದೂರವಿಡುವವರು ಸಂಪ್ರದಾಯವನ್ನು ಕಡೆಯವರೆಗೆ ಓದಿಲ್ಲ.

ಪಾಲೆಂದರೆ ಏನೆಂಬುದನ್ನು ಸ್ಪಷ್ಟವಾಗಿ ಹೇಳಿ ಮುಗಿಸುತ್ತೇವೆ. ಮಠದ ಹಳೆಯ ವಿದ್ಯಾರ್ಥಿಗಳಲ್ಲಿ ಉಪಾಧ್ಯಾಯರಿದ್ದೀರಿ, ವೈದ್ಯರಿದ್ದೀರಿ, ವಕೀಲರಿದ್ದೀರಿ, ಪಂಚಾಯಿತಿಯ ಸದಸ್ಯರಿದ್ದೀರಿ. ಮಗುವಿನ ಮೈಮೇಲೆ ತಿಳಿಬಣ್ಣದ, ಚುಚ್ಚಿದರೂ ತಿಳಿಯದ ಮಚ್ಚೆ ಕಂಡರೆ ಗುಟ್ಟಾಗಿ ಹೆತ್ತವರಿಗೆ ಹೇಳಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸುವುದು ಉಪಾಧ್ಯಾಯರ ಕಾಯಕ. ರೋಗಿಯ ಮನೆಯವರಿಗೆ ಒಂದು ಸಲದ ರಿಫಾಂಪಿಸಿನ್ ಔಷಧ ಕೊಟ್ಟು ರೋಗವನ್ನು ತಡೆಯುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಸೂಚಿಸಿದೆ; ಅದು ಎಲ್ಲರಿಗೂ ಮುಟ್ಟುವಂತೆ ನೋಡುವುದೂ, ಬಾಗಿದ ಬೆರಳನ್ನು ಶಸ್ತ್ರಚಿಕಿತ್ಸೆಯಿಂದ ಮತ್ತೆ ದುಡಿಮೆಗೆ ತರಬಹುದೆಂದು ತಿಳಿಸುವುದೂ ವೈದ್ಯರ ಕಾಯಕ. 2016ರ ಅಂಗವಿಕಲರ ಹಕ್ಕುಗಳ ಶಾಸನವು ಕುಷ್ಠದಿಂದ ಗುಣಹೊಂದಿದವರನ್ನು ಹೆಸರಿಸಿ ಸೇರಿಸಿಕೊಂಡಿದೆ. ಅದರ ಪ್ರಮಾಣಪತ್ರವನ್ನೂ ಉದ್ಯೋಗದ ಮೀಸಲಾತಿಯನ್ನೂ ದೊರಕಿಸಿಕೊಡುವುದು ವಕೀಲರ, ಅಧಿಕಾರಿಗಳ ಕಾಯಕ. ಜನವರಿ 30ರ ಕುಷ್ಠನಿವಾರಣ ದಿನದ ಗ್ರಾಮಸಭೆಯಲ್ಲಿ ಬಾಧಿತರ ಪರವಾಗಿ ತಾವು ಭಾಷಣ ಮಾಡದೆ, ಅವರಲ್ಲಿಯೇ ಒಬ್ಬರನ್ನು ವೇದಿಕೆಗೆ ಕರೆದು ಕೂರಿಸಿ ಮಾತನಾಡಿಸುವುದು ಪಂಚಾಯಿತಿಯವರ ಕಾಯಕ.

ಮಠಗಳ ಪಾಲಿಗೂ ಕೆಲಸವಿದೆ. ಉಚಿತ ಪ್ರಸಾದನಿಲಯಗಳಲ್ಲಿ ಕಾಲೊನಿಯ ಮಕ್ಕಳಿಗೆ ಉಳಿದವರ ಜೊತೆಯಲ್ಲಿಯೇ ಸ್ಥಳ ಸಿಕ್ಕಬೇಕು. ಪ್ರವಚನಕಾರರು ಕುಷ್ಠವನ್ನು ಪಾಪಕ್ಕೆ ಉಪಮೆಯಾಗಿ ಬಳಸುವುದನ್ನು ಇಂದೇ ನಿಲ್ಲಿಸಬೇಕು. ಗುಣಹೊಂದಿದವರಿಗೆ ಮಠದ ಆವರಣದಲ್ಲಿ ಕೆಲಸ ಕೊಡಬೇಕು: ಉಗ್ರಾಣದ ಲೆಕ್ಕ, ಪುಸ್ತಕಭಂಡಾರ, ಹೂದೋಟ, ಯಾವುದಾದರೂ ಸರಿ. ಒಲೆಯ ಮುಂದಿನ ಕೆಲಸ ಮಾತ್ರ ಬೇಡ. ಬಿಸಿ ತಿಳಿಯದ ಕೈ ಸುಟ್ಟುಕೊಂಡೀತು. ಕಾರಣ ಅದೇ ಎಂದು ಎಲ್ಲರೆದುರು ಹೇಳಿಯೇ ಬೇರೆ ಕೆಲಸ ಕೊಡಬೇಕು. ಹೇಳದೆ ಬಿಟ್ಟರೆ ಹಳೆಯ ಅನುಮಾನಕ್ಕೆ ನೀರೆರೆದಂತೆ. ಮೆತ್ತನೆಯ ರಬ್ಬರಿನ ಚಪ್ಪಲಿಯಿಲ್ಲದೆ ಸ್ಪರ್ಶವಿಲ್ಲದ ಕಾಲು ಬರಿನೆಲದ ಮೇಲೆ ನಡೆದರೆ ಹುಣ್ಣಾಗುತ್ತದೆ. ಅಂಥವರಿಗೆ ಅಂಗಳದಲ್ಲಿ ಪಾದರಕ್ಷೆಯ ನಿಯಮವನ್ನು ಸಡಿಲಿಸುವುದರಿಂದ ಯಾವ ಮಠದ ಮಡಿಯೂ ಕೆಡದು.

ಕಡೆಯ ಮಾತು ಪಂಕ್ತಿಯದು. ಮುಂದಿನ ಸಲ ನಿಮ್ಮ ಊರಿನ ದಾಸೋಹದಲ್ಲಿ, ಬಾಗಿದ ಬೆರಳಿನ ಒಬ್ಬರು ಹೊರಗೆ ನಿಂತಿದ್ದರೆ ಅವರಿಗೆ ಎಲೆಯನ್ನು ಹೊರಗೆ ಕಳಿಸಬೇಡಿರಿ. ಒಳಗೆ ಕರೆಯಿರಿ, ನಿಮ್ಮ ಪಕ್ಕದಲ್ಲಿ ಎಲೆ ಹಾಕಿಸಿರಿ, ಊಟವಾದ ಮೇಲೆ, ನಾಳೆ ಯಾವ ಕೆಲಸಕ್ಕೆ ಬರುವಿರೆಂದು ಕೇಳಿರಿ. ಅಂದು ಅವರಿಗೆ ಅನ್ನವೂ ಉಂಟು, ಪಾಲೂ ಉಂಟು. ನಮ್ಮ ಕಥೆಗಳು ಹೇಳದೆ ಬಿಟ್ಟ ಕಥೆಯು ಆ ಪಂಕ್ತಿಯಿಂದ ಮೊದಲಾಗಲಿ ಎಂದು ಹಾರೈಸುತ್ತೇವೆ.